ತಂಗುದಾಣದ ರಾತ್ರಿ ಪಾಳಿಗೆ ಏನು ಕಲಿಸಬೇಕು?

ಪ್ರಶ್ನೆ: ನಮ್ಮ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟವು ಒಂದು ವರ್ಷದಿಂದ ನಗರದ ವಸತಿರಹಿತರ ತಂಗುದಾಣವನ್ನು ನಡೆಸುತ್ತಿದೆ. ಐವತ್ತು ಹಾಸಿಗೆಗಳಿವೆ. ನಾನು ವ್ಯವಸ್ಥಾಪಕಿ, ನನ್ನ ಜೊತೆ ಮೂವರು ಕೇರ್‌ಟೇಕರ್‌ಗಳಿದ್ದಾರೆ. ವರ್ಷದೊಳಗೆ ಇಬ್ಬರು ಕೆಲಸ ಬಿಟ್ಟು ಹೋಗಿ ಹೊಸಬರು ಬಂದಿದ್ದಾರೆ. ಕಳೆದ ತಿಂಗಳು ಐವತ್ತರ ಆಸುಪಾಸಿನ ಒಬ್ಬರು ಕುಡಿದು ಬಂದಾಗ ನಮ್ಮ ಕೇರ್‌ಟೇಕರ್ ನಿಯಮದಂತೆ ಒಳಗೆ ಬಿಡಲಿಲ್ಲ. ಮರುದಿನ ಅವರು ಕೈ ನಡುಗಿಸುತ್ತಾ ಬಂದರು, ‘ಪೂರ್ತಿ ಬಿಟ್ಟು ಬಾ’ ಎಂದು ಮತ್ತೆ ಕಳುಹಿಸಿದರು. ಅದರ ಮರುದಿನ ಬಸ್ ನಿಲ್ದಾಣದ ಬಳಿ ಫಿಟ್ಸ್ ಬಂದು ಬಿದ್ದಿದ್ದರು. ಈಗ ಆಸ್ಪತ್ರೆಯಲ್ಲಿದ್ದಾರೆ. ಆ ಕೇರ್‌ಟೇಕರ್ ಅಂದಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಇನ್ನೊಬ್ಬರು ‘ಇವರಿಗೆ ಎಷ್ಟು ಮಾಡಿದರೂ ಅಷ್ಟೇ’ ಎನ್ನುತ್ತಾರೆ. ನಮ್ಮಲ್ಲಿರುವ ಒಬ್ಬ ಹೆಂಗಸು ತನ್ನ ಗಂಟುಗಳನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ, ಸ್ನಾನವನ್ನೂ ಮಾಡುವುದಿಲ್ಲ. ಉಳಿದವರು ವಾಸನೆ ಎಂದು ದೂರುತ್ತಾರೆ. ಸಿಬ್ಬಂದಿಗೆ ಎರಡು ದಿನದ ತರಬೇತಿ ಕೊಡಿಸಿ ಎಂದು ಮೇಲಿನವರು ಹೇಳಿದ್ದಾರೆ. ಏನು ಕಲಿಸಬೇಕು? ಎರಡು ದಿನ ಸಾಕೇ? ನಮ್ಮವರು ಹತ್ತನೆಯ ತರಗತಿಯವರೆಗೆ ಓದಿದವರು. ಇದು ಅವರಿಂದ ಆಗುವ ಕೆಲಸವೇ?

ಉತ್ತರ: ನೀವು ಕೇಳಿರುವುದು ತರಬೇತಿಯ ಬಗ್ಗೆ. ಆದರೆ ಪತ್ರದ ಉದ್ದಕ್ಕೂ ಕಾಣುವುದು ಆ ರಾತ್ರಿಯ ಸಂಕಟ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಆ ಕೇರ್‌ಟೇಕರ್ ತಪ್ಪಿತಸ್ಥರಲ್ಲ. ಅವರ ಕೈಗೆ ಒಂದು ನಿಯಮ ಕೊಟ್ಟಿದ್ದಿರಿ, ಅವರು ಅದನ್ನು ಪಾಲಿಸಿದರು. ಆ ನಿಯಮದ ಹಿಂದೆ ಒಂದು ಅಪಾಯವಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ನಾನು ತಂಗುದಾಣಗಳ ಸಿಬ್ಬಂದಿಯೊಂದಿಗೆ ಕೆಲಸ ಮಾಡಲು ತೊಡಗಿದ ಮೊದಲ ವರ್ಷಗಳಲ್ಲಿ, ‘ಕುಡಿತ ಪೂರ್ತಿ ನಿಲ್ಲಿಸಿದವರಿಗೆ ಮಾತ್ರ ಪ್ರವೇಶ’ ಎಂಬ ಫಲಕವನ್ನು ಗೋಡೆಯ ಮೇಲೆ ನೋಡಿ ನಾನೂ ತಲೆಯಾಡಿಸಿದ್ದೇನೆ. ಅದು ಶಿಸ್ತಿನ ಮಾತು ಎಂದು ಅನ್ನಿಸುತ್ತಿತ್ತು. ಈಗ ಅಂತಹ ಫಲಕ ಕಂಡರೆ ಮೊದಲು ಅದನ್ನು ತೆಗೆಸಿ, ಆಮೇಲೆ ಪಾಠಕ್ಕೆ ಕೂರುತ್ತೇನೆ.

ವರ್ಷಗಟ್ಟಲೆ ಪ್ರತಿದಿನ ಕುಡಿದವರ ಮೆದುಳು ಮದ್ಯ ಇರುತ್ತದೆ ಎಂಬ ಲೆಕ್ಕದಲ್ಲಿಯೇ ನಡೆಯುತ್ತಿರುತ್ತದೆ. ಮದ್ಯ ಮೆದುಳನ್ನು ಮಂಕಾಗಿಸುತ್ತದೆ. ಅದನ್ನು ಸರಿದೂಗಿಸಲು ಮೆದುಳು ತನ್ನ ಚಟುವಟಿಕೆಯನ್ನು ಏರಿಸಿಕೊಂಡಿರುತ್ತದೆ. ಮದ್ಯವನ್ನು ಥಟ್ಟನೆ ನಿಲ್ಲಿಸಿದರೆ ಆ ಏರಿಕೆ ಮಾತ್ರ ಉಳಿಯುತ್ತದೆ. ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಬಡಿತ ಕಾಣಿಸಿಕೊಳ್ಳುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಇಲ್ಲದ ಹುಳುಗಳನ್ನು ಮೈಮೇಲಿನಿಂದ ಕೊಡವುತ್ತಾರೆ, ರಾತ್ರಿಯನ್ನು ಹಗಲು ಎನ್ನುತ್ತಾರೆ, ಜ್ವರ ಏರುತ್ತದೆ. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ನಿಮ್ಮ ಪತ್ರವನ್ನು ಓದಿ ರೋಗನಿರ್ಣಯ ಮಾಡಲು ನನಗೆ ಬರುವುದಿಲ್ಲ, ಅದು ಅಲ್ಲಿನ ವೈದ್ಯರ ಕೆಲಸ. ಆದರೆ ಮರುದಿನ ಕೈ ನಡುಗಿಸುತ್ತಾ ಬಾಗಿಲಿಗೆ ಬಂದರು ಎಂದು ಬರೆದಿದ್ದೀರಲ್ಲ, ಅಂದು ಅವರು ಹೋಗಬೇಕಿದ್ದುದು ಆಸ್ಪತ್ರೆಗೆ. ‘ಪೂರ್ತಿ ಬಿಟ್ಟು ಬಾ’ ಎನ್ನುವುದು ನಮ್ಮ ಕಿವಿಗೆ ಒಳ್ಳೆಯ ಬುದ್ಧಿಮಾತು. ಆ ದೇಹಕ್ಕೆ ಮಾತ್ರ ಅದು ಅಪಾಯದ ಸಲಹೆ.

ಹಾಗೆಂದು ಸಿಬ್ಬಂದಿ ಮದ್ಯ ತಂದುಕೊಡಬೇಕೆಂದು ನಾನು ಹೇಳುತ್ತಿಲ್ಲ. ಎರಡು ಬಗೆಯ ರಾತ್ರಿಗಳನ್ನು ಬೇರ್ಪಡಿಸಿ ನೋಡಲು ಅವರಿಗೆ ಕಲಿಸಿ. ಒಂದು, ಕುಡಿದು ಬಂದವರ ರಾತ್ರಿ. ನಡೆಯಬಲ್ಲವರಾದರೆ ಒಳಗೆ ಬಿಡಿ, ಬಾಗಿಲಿಗೆ ಹತ್ತಿರದ ಹಾಸಿಗೆ ಕೊಡಿ, ಅಂಗಾತ ಮಲಗಿಸದೆ ಎಡಮಗ್ಗುಲಿಗೆ ಮಲಗಿಸಿ, ಗಂಟೆಗೊಮ್ಮೆ ಹೋಗಿ ಉಸಿರು ನೋಡಿ. ಅಂಗಾತ ಮಲಗಿದವರು ವಾಂತಿ ಮಾಡಿಕೊಂಡರೆ ಅದು ಉಸಿರನ್ನೇ ಕಟ್ಟಿಸುತ್ತದೆ. ಅಲುಗಾಡಿಸಿ ಕೂಗಿದರೂ ಎಚ್ಚರವಾಗದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ‘ನಶೆ ಇಳಿದರೆ ಸರಿಹೋಗುತ್ತಾರೆ’ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಇನ್ನೊಂದು, ಕುಡಿಯದೆ ಬಂದವರ ರಾತ್ರಿ. ನಿಮ್ಮವರು ಇದನ್ನೇ ಸುರಕ್ಷಿತ ಎಂದುಕೊಂಡಿದ್ದಾರೆ. ದಿನವೂ ಕುಡಿಯುವವರು ಈ ದಿನ ಕುಡಿದಿಲ್ಲ ಎಂದು ತಿಳಿದರೆ ಸಿಬ್ಬಂದಿಯ ಕಣ್ಣು ಇನ್ನಷ್ಟು ಚುರುಕಾಗಬೇಕು. ನೀರು ತುಂಬಿದ ಲೋಟವನ್ನು ಅವರ ಕೈಗೆ ಕೊಡಿ. ತುಳುಕಿಸದೆ ಬಾಯಿಗೆ ಒಯ್ಯಲಾಗದಷ್ಟು ನಡುಕವಿದ್ದರೆ ಆ ರಾತ್ರಿಯೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹತ್ತನೆಯ ತರಗತಿ ಬೇಡ, ಅಕ್ಷರ ಬಾರದವರೂ ಇದನ್ನು ಕಲಿಯಬಲ್ಲರು.

ಫಿಟ್ಸ್ ಬಂದಾಗ ಏನು ಮಾಡುತ್ತೀರಿ ಎಂದು ನಾನು ಪ್ರತಿ ತರಬೇತಿಯಲ್ಲೂ ಕೇಳುತ್ತೇನೆ. ಕೈಗೆ ಬೀಗದ ಕೈ ಕೊಡುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ, ಹಲ್ಲಿನ ನಡುವೆ ಚಮಚ ಇಡುತ್ತೇವೆ ಎನ್ನುತ್ತಾರೆ. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ಹೆಚ್ಚಿನಂಶ ತಾನಾಗಿಯೇ ಎರಡು ಮೂರು ನಿಮಿಷಗಳಲ್ಲಿ ನಿಲ್ಲುತ್ತದೆ, ಆ ಹೊತ್ತಿಗೆ ಕೈಯಲ್ಲಿ ಬೀಗದ ಕೈ ಇರುವುದರಿಂದ ಅದಕ್ಕೆ ಹೆಸರು ಬರುತ್ತದೆ. ಚಮಚದಿಂದ ಹಲ್ಲು ಮುರಿಯುತ್ತದೆ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮಡಚಿದ ಬಟ್ಟೆ ಇಟ್ಟು, ನಡುಗುವ ಕೈಕಾಲುಗಳನ್ನು ಅದುಮಿ ಹಿಡಿಯದೆ, ನಿಂತ ಮೇಲೆ ಮಗ್ಗುಲಿಗೆ ತಿರುಗಿಸಿ. ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ, ಒಂದು ನಿಂತು ಇನ್ನೊಂದು ಬಂದರೆ ಅಥವಾ ಹಿಂದೆಂದೂ ಫಿಟ್ಸ್ ಬಾರದವರಿಗೆ ಬಂದರೆ 108.

ಇನ್ನು ‘ಎಷ್ಟು ಮಾಡಿದರೂ ಅಷ್ಟೇ’ ಎನ್ನುವವರ ಮಾತಿಗೆ ಬರೋಣ. ಅವರನ್ನು ಗದರಬೇಡಿ. ಅದು ದಣಿದವರ ಮಾತು. ಆದರೆ ಅದರೊಳಗೆ ಒಂದು ತಪ್ಪು ತಿಳಿವಳಿಕೆ ಇದೆ, ಬೀದಿಯಲ್ಲಿರುವವರು ಇಷ್ಟಪಟ್ಟು ಅಲ್ಲಿದ್ದಾರೆ ಎಂಬುದು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಸುತ್ತ ಮಲಗುವವರಲ್ಲಿ ಹಲವರನ್ನು ನಾನು ಬಲ್ಲೆ. ಅವರಲ್ಲಿ ಭಿಕ್ಷೆ ಬೇಡುವವರಿಗಿಂತ ದುಡಿಯುವವರೇ ಹೆಚ್ಚು. ತರಕಾರಿ ಮೂಟೆ ಇಳಿಸುವ ಹಮಾಲಿಗಳು, ಚಿಂದಿ ಆಯುವವರು, ಮದುವೆ ಛತ್ರಗಳಲ್ಲಿ ಬಡಿಸಿ ಎಲೆ ಎತ್ತುವ ಕೇಟರಿಂಗ್ ಕೆಲಸದವರು, ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದು ಕಟ್ಟಡ ಕೆಲಸ ಕೈತಪ್ಪಿದವರು. ಲೋಡು ಬರುವುದು ನಡುರಾತ್ರಿಯ ನಂತರ, ತಂಗುದಾಣದ ಬಾಗಿಲು ಮುಚ್ಚುವುದು ರಾತ್ರಿ ಹತ್ತಕ್ಕೆ. ಅಲ್ಲಿ ಮಲಗಿದರೆ ಮರುದಿನದ ಕೂಲಿ ಇಲ್ಲ. ಗಂಡಹೆಂಡತಿ ಬಂದರೆ ಗಂಡಸರ ಕೇಂದ್ರ ಒಂದು ಮೂಲೆಯಲ್ಲಿ, ಹೆಂಗಸರದು ಇನ್ನೊಂದು ಮೂಲೆಯಲ್ಲಿ. ತಳ್ಳುಗಾಡಿ ಇದ್ದವರಿಗೆ ಅದನ್ನು ಇಡಲು ಜಾಗವಿಲ್ಲ. ತಿಗಣೆ ಕಾಟ ಬೇರೆ. ಹೀಗಿರುವಾಗ ಅವರು ‘ಬರುವುದಿಲ್ಲ’ ಎಂದರೆ ಅದನ್ನು ಹಟ ಎನ್ನುವುದು ಹೇಗೆ? ಅವರು ಲೆಕ್ಕ ಹಾಕಿಯೇ ಹೇಳುತ್ತಿದ್ದಾರೆ.

ಭಯವೂ ಇದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಜನರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುವ ಅಧಿಕಾರ ಇದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಸಾವುಗಳಾದವು. ಪತ್ರಿಕೆ ಓದಿದವರು ಅದನ್ನು ಮರೆತಿರಬಹುದು, ಪಾದಚಾರಿ ಮಾರ್ಗದಲ್ಲಿ ಮಲಗುವವರು ಮರೆತಿಲ್ಲ. ವ್ಯಾನ್ ನಿಂತ ಸದ್ದಿಗೆ ಎದ್ದು ಓಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಸಿಬ್ಬಂದಿ ರಾತ್ರಿ ಸುತ್ತಾಟಕ್ಕೆ ಹೋಗುವುದಿದ್ದರೆ ವಾಹನವನ್ನು ಬೀದಿಯ ಆಚೆ ತುದಿಯಲ್ಲಿ ನಿಲ್ಲಿಸಿ ನಡೆದು ಹೋಗಲಿ, ಇಬ್ಬರಿಗಿಂತ ಹೆಚ್ಚು ಜನ ಬೇಡ, ನಿಂತು ಮಾತನಾಡುವುದೂ ಬೇಡ. ಮಲಗಿದವರ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, ಕೈಗೆಟುಕದಷ್ಟು ದೂರದಿಂದ ಮಾತು ತೆಗೆಯಬೇಕು.

ಮಾತು ತೆಗೆಯುವುದು ಹೇಗೆ ಎಂಬುದೇ ನನ್ನ ಪ್ರಕಾರ ಇಡೀ ತರಬೇತಿಯ ತಿರುಳು. ನಮ್ಮಲ್ಲಿ ಅಪರಿಚಿತರನ್ನು ಕಂಡರೆ ಮೊದಲು ಕೇಳುವುದು ‘ನಿಮ್ಮದು ಯಾವ ಊರು?’ ಎಂದು. ಅದು ಸೌಜನ್ಯ. ಬಸ್ಸಿನಲ್ಲಿ ಪಕ್ಕದವರನ್ನು ಹಾಗೆ ಕೇಳಿಯೇ ನಾವು ಸ್ನೇಹ ಬೆಳೆಸುತ್ತೇವೆ. ಆದರೆ ಊರು ಬಿಟ್ಟವರಿಗೆ ಆ ಪ್ರಶ್ನೆ ತನಿಖೆಯಂತೆ ಕೇಳಿಸುತ್ತದೆ. ಊರು ಹೇಳಿದರೆ ‘ಯಾರ ಪೈಕಿ?’ ಎಂಬ ಪ್ರಶ್ನೆ ಬರುತ್ತದೆ, ಅದು ಜಾತಿಗೆ ಹೋಗುತ್ತದೆ. ಅದನ್ನು ಹೇಳಿದರೆ ‘ಮಕ್ಕಳಿಲ್ಲವೇ, ಏಕೆ ಬಿಟ್ಟು ಬಂದಿರಿ?’ ಎಂಬುದು ಬರುತ್ತದೆ. ಆಸ್ತಿ ಬರೆಸಿಕೊಂಡ ಮಗ ಬಸ್ ಹತ್ತಿಸಿ ಕಳುಹಿಸಿದ ತಾಯಿ ಇದಕ್ಕೆ ಏನು ಹೇಳಬೇಕು? ಗಂಡನ ಹೊಡೆತ ತಾಳಲಾರದೆ ಓಡಿಬಂದವಳು ಊರಿನ ಹೆಸರು ಏಕೆ ಹೇಳಬೇಕು? ದಾಖಲೆಗೆ ಊರು ಬೇಕು ನಿಜ. ಮೊದಲ ರಾತ್ರಿ ಬೇಡ. ಮೊದಲ ರಾತ್ರಿಗೆ ಅವರು ಹೇಳಿದ ಹೆಸರು, ಈಗ ಎಲ್ಲಿಯಾದರೂ ನೋವಿದೆಯೇ, ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬಷ್ಟು ಸಾಕು. ಉಳಿದ ಅಂಕಣಗಳನ್ನು ಖಾಲಿ ಬಿಡುವ ಧೈರ್ಯವನ್ನು ಸಿಬ್ಬಂದಿಗೆ ನೀವು ಕೊಡಬೇಕು, ಏಕೆಂದರೆ ಖಾಲಿ ಅಂಕಣ ಕಂಡರೆ ಬೈಯುವವರು ಮೇಲಿನವರು, ಬೈಸಿಕೊಳ್ಳುವವರು ಅವರು.

‘ಊಟ ಆಯಿತೇ?’ ಎಂಬುದೂ ನಮ್ಮ ಸಹಜ ಮಾತೇ. ಆಗಿಲ್ಲ ಎಂದರೆ ಬಡಿಸಲು ನಿಮ್ಮಲ್ಲಿ ಏನಾದರೂ ಇದ್ದರೆ ಮಾತ್ರ ಅದನ್ನು ಕೇಳಿ.

ಇನ್ನೊಂದು ಸಂಗತಿ ಕನ್ನಡಕ್ಕೇ ಸಂಬಂಧಿಸಿದ್ದು. ಬೀದಿಯಲ್ಲಿ ವರ್ಷಗಟ್ಟಲೆ ಇದ್ದವರನ್ನು ಯಾರೂ ‘ನೀವು’ ಎನ್ನುವುದಿಲ್ಲ. ಪೊಲೀಸರು, ಅಂಗಡಿಯವರು, ದಾರಿಹೋಕರು, ಶಾಲೆಗೆ ಹೋಗುವ ಮಕ್ಕಳು ಕೂಡ ‘ನೀನು’ ಎನ್ನುತ್ತಾರೆ, ‘ಲೇ’ ಎನ್ನುತ್ತಾರೆ. ನಾನು ತರಬೇತಿಯ ಮೊದಲ ಗಂಟೆಯನ್ನು ಈ ಬಹುವಚನಕ್ಕೆ ಮೀಸಲಿಡುತ್ತೇನೆ. ಕೇಳಲು ಸಣ್ಣದು, ಮಾಡಲು ಕಷ್ಟ. ಅಜ್ಜ, ಅಕ್ಕ, ಅಣ್ಣ, ಕಾಕಾ ಎನ್ನುವುದು ನಿಮ್ಮ ಕಡೆ ರೂಢಿಯಿದ್ದರೆ ಒಳ್ಳೆಯದೇ, ಆದರೆ ಅವರ ಹೆಸರು ತಿಳಿದ ಮೇಲೆ ಹೆಸರು ಹಿಡಿದು ‘ಅವರೇ’ ಎಂದು ಸೇರಿಸಿ. ಒಮ್ಮೆ ಒಬ್ಬ ಹಿರಿಯರನ್ನು ಹಾಗೆ ಕರೆದಾಗ ಅವರು ಹಿಂದಕ್ಕೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆದಿದ್ದೇವೆ ಎಂದುಕೊಂಡು.

ನಿಮ್ಮಲ್ಲಿರುವ ಹೆಂಗಸಿನ ಗಂಟುಗಳ ವಿಷಯ. ದಯವಿಟ್ಟು ಅವರು ಮಲಗಿದಾಗ ಅವನ್ನು ಒಯ್ದು ಒಗೆಯಲು ಹೋಗಬೇಡಿ, ಒಳ್ಳೆಯ ಉದ್ದೇಶವಿದ್ದರೂ ಬೇಡ. ನನ್ನ ಕಣ್ಣೆದುರು ಒಂದು ಕೇಂದ್ರದಲ್ಲಿ ಹಾಗಾಯಿತು. ಹನ್ನೊಂದು ಪ್ಲಾಸ್ಟಿಕ್ ಚೀಲಗಳನ್ನು ಕಸವೆಂದು ತಿಳಿದು ಬೆಳಗಿನ ಕಸದ ಗಾಡಿಗೆ ಹಾಕಿಬಿಟ್ಟರು. ಅವುಗಳಲ್ಲಿ ಒಂದರಲ್ಲಿ ತೀರಿಹೋದ ಗಂಡನ ಫೋಟೊ, ಹಳೆಯ ರೇಷನ್ ಕಾರ್ಡು, ಮಗುವಿನ ಒಂದು ಅಂಗಿ ಇದ್ದವೆಂದು ನಂತರ ತಿಳಿಯಿತು. ಆಕೆ ಅಂದೇ ಹೊರಟುಹೋದರು, ಮತ್ತೆ ಎಷ್ಟು ಕರೆದರೂ ಬರಲಿಲ್ಲ. ಆ ರೇಷನ್ ಕಾರ್ಡು ಒಂದಿದ್ದಿದ್ದರೆ ಅವರ ಪಿಂಚಣಿಗೆ ದಾರಿಯಾಗುತ್ತಿತ್ತು.

ಅಂದಿನಿಂದ ನಾನು ಒಂದು ಅಭ್ಯಾಸವನ್ನು ಮಾಡಿಸುತ್ತೇನೆ. ತರಬೇತಿಗೆ ಬಂದವರು ತಮ್ಮ ಮೊಬೈಲ್, ಪರ್ಸು, ಮನೆಯ ಬೀಗದ ಕೈ ಎಲ್ಲವನ್ನೂ ಒಂದೊಂದು ಚೀಲಕ್ಕೆ ಹಾಕುತ್ತಾರೆ. ನಾನು ಆ ಚೀಲಗಳನ್ನು ಎತ್ತಿಕೊಂಡು ಹೋಗಿ, ಎಲ್ಲಿಟ್ಟೆ ಎಂದು ಹೇಳದೆ ಪಾಠ ಮುಂದುವರಿಸುತ್ತೇನೆ. ಹತ್ತು ನಿಮಿಷಕ್ಕೆ ಕಣ್ಣುಗಳು ಬಾಗಿಲ ಕಡೆ ಹೊರಳುತ್ತವೆ. ಅರ್ಧ ಗಂಟೆಗೆ ಯಾರಾದರೂ ‘ಮೇಡಂ, ಮನೆಯಿಂದ ಫೋನ್ ಬರಬಹುದು’ ಎಂದು ಎದ್ದು ನಿಲ್ಲುತ್ತಾರೆ. ಆಗ ಚೀಲಗಳನ್ನು ತಂದುಕೊಡುತ್ತೇನೆ. ಎಲ್ಲರೂ ತೆರೆದು ನೋಡುತ್ತಾರೆ, ನಾನು ಏನನ್ನೂ ತೆಗೆದಿಲ್ಲ ಎಂದು ಗೊತ್ತಿದ್ದರೂ. ಆಮೇಲೆ ಗಂಟಿನ ಬಗ್ಗೆ ಹೆಚ್ಚು ವಿವರಿಸಬೇಕಾಗುವುದಿಲ್ಲ.

ಆ ಹೆಂಗಸಿಗೆ ಬೀಗವಿರುವ ಒಂದು ಪೆಟ್ಟಿಗೆ ಕೊಡಿ, ಬೀಗದ ಕೈ ಅವರ ಬಳಿಯೇ ಇರಲಿ, ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲಿ. ಸ್ನಾನ ಬೇಡವೆನ್ನಲು ಕಾರಣವಿರುತ್ತದೆ. ಬಚ್ಚಲಿಗೆ ಹೋದರೆ ಗಂಟು ಕಳುವಾಗುತ್ತದೆ ಎಂಬ ಭಯ ಇರಬಹುದು. ಬಚ್ಚಲಿಗೆ ಒಳಚಿಲಕ ಇಲ್ಲದಿರಬಹುದು. ಬೀದಿಯಲ್ಲಿ ಹೆಂಗಸರು ಕೊಳಕಾಗಿರುವುದನ್ನು ರಕ್ಷಾಕವಚದಂತೆ ಬಳಸುತ್ತಾರೆ ಎಂಬುದನ್ನೂ ಸಿಬ್ಬಂದಿ ತಿಳಿದಿರಬೇಕು, ವಾಸನೆ ಇದ್ದರೆ ಗಂಡಸರು ಹತ್ತಿರ ಬರುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬರಲ್ಲ. ಕೇರ್‌ಟೇಕರ್‌ಗಳಲ್ಲಿ ಹೆಂಗಸು ಇದ್ದರೆ ಅವರು, ಇಲ್ಲವಾದರೆ ನೀವೇ, ಬಚ್ಚಲ ಬಾಗಿಲಲ್ಲಿ ಗಂಟು ಕಾಯುತ್ತಾ ಕೂರುವುದಾಗಿ ಹೇಳಿ ನೋಡಿ. ಮೊದಲು ಕೈಕಾಲು ತೊಳೆಯುವುದಾಗಲಿ. ವಾರಗಳೇ ಹಿಡಿಯಬಹುದು.

ಅವರು ಒಬ್ಬರೇ ಮಾತನಾಡುತ್ತಿದ್ದರೆ, ಊಟದಲ್ಲಿ ವಿಷವಿದೆ ಎನ್ನುತ್ತಿದ್ದರೆ ಮಾನಸಿಕ ಕಾಯಿಲೆಯ ಸಾಧ್ಯತೆಯನ್ನೂ ನೋಡಬೇಕು. ಇಲ್ಲಿ ನಿಮ್ಮವರಿಗೆ ಕಲಿಸಬೇಕಾದ್ದು ರೋಗದ ಹೆಸರುಗಳನ್ನಲ್ಲ. ‘ವಿಷ ಇಲ್ಲ’ ಎಂದು ವಾದಕ್ಕಿಳಿಯಬಾರದು, ‘ಹೌದು, ಇದೆ’ ಎಂದು ತಾಳ ಹಾಕಲೂಬಾರದು. ‘ನಿಮಗೆ ಭಯವಾಗಿದೆ ಎಂದು ಕಾಣುತ್ತದೆ, ನಾನೂ ಇದೇ ಪಾತ್ರೆಯಿಂದ ತಿನ್ನುತ್ತೇನೆ, ನೀವೇ ಬಡಿಸಿಕೊಳ್ಳಿ’ ಎನ್ನುವುದನ್ನು ಬಾಯಿಗೆ ಬರುವವರೆಗೂ ಅಭ್ಯಾಸ ಮಾಡಿಸಿ. ಸಲಹೆ ಬೇಕಾದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಸಿಬ್ಬಂದಿ ತಮ್ಮ ಸ್ವಂತ ಬೇಗುದಿಗೂ ಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆದಾಡುತ್ತಿರುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಈ ಚಿಕಿತ್ಸೆ ಉಚಿತವಾಗಿ ಸಿಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಈ ಎರಡು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ‘ಇದು ನಮ್ಮ ಕೆಲಸವಲ್ಲ’ ಎಂಬ ಉತ್ತರ ಬಂದಾಗ ಸೆಕ್ಷನ್ ಸಂಖ್ಯೆ ಹೇಳಬಲ್ಲ ಕೇರ್‌ಟೇಕರ್ ಮಾತಿಗೆ ಬೇರೆಯೇ ತೂಕ ಬರುತ್ತದೆ. ಮಾನಸಿಕ ಕಾಯಿಲೆಯ ಹೆಂಗಸರು ಬೀದಿಯಿಂದ ಮನೆಯಂತಹ ಬದುಕಿಗೆ ಮರಳಬಹುದು ಎಂಬುದನ್ನು ಚೆನ್ನೈನಲ್ಲಿ 1993ರಲ್ಲಿ ಆರಂಭವಾದ ಬ್ಯಾನಿಯನ್ ಸಂಸ್ಥೆ ತೋರಿಸಿಕೊಟ್ಟಿದೆ, ‘ಎಷ್ಟು ಮಾಡಿದರೂ ಅಷ್ಟೇ’ ಎನ್ನುವವರಿಗೆ ಅದರ ಬಗ್ಗೆ ಹೇಳಿ.

ಕೆಮ್ಮು ಎರಡು ವಾರ ಮೀರಿದವರನ್ನು ಕ್ಷಯ ಪರೀಕ್ಷೆಗೆ ಕಳುಹಿಸಬೇಕು. ಹದಿನೆಂಟು ತುಂಬದ ಮಕ್ಕಳು ಒಬ್ಬರೇ ಬಂದರೆ ಮಕ್ಕಳ ಸಹಾಯವಾಣಿ 1098. ಇವು ಎಲ್ಲ ಕೈಪಿಡಿಗಳಲ್ಲಿ ಇರುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಎರಡು ದಿನ ಸಾಕೇ ಎಂದು ಕೇಳಿದ್ದೀರಿ. ಹೋಟೆಲ್ ಸಭಾಂಗಣದಲ್ಲಿ, ಪರದೆಯ ಮೇಲೆ ಅಕ್ಷರ ತೋರಿಸಿ, ಮಧ್ಯಾಹ್ನ ಒಳ್ಳೆಯ ಊಟ ಹಾಕಿ ಮುಗಿಸುವ ಎರಡು ದಿನವಾದರೆ ಅದರಲ್ಲಿ ಉಳಿಯುವುದು ಪ್ರಮಾಣಪತ್ರ ಮಾತ್ರ. ಅಂತಹ ತರಬೇತಿಗಳನ್ನು ನಾನೂ ಕೊಟ್ಟಿದ್ದೇನೆ. ಮೂರು ತಿಂಗಳ ನಂತರ ಅದೇ ಕೇಂದ್ರಕ್ಕೆ ಹೋದಾಗ ಒಬ್ಬರಿಗೂ ಮಗ್ಗುಲಿಗೆ ಮಲಗಿಸುವುದು ನೆನಪಿರಲಿಲ್ಲ. ಮಂಜೂರಾಗಿರುವ ಆ ಎರಡು ದಿನವನ್ನು ಒಡೆದುಕೊಳ್ಳಿ ಎಂಬುದು ನನ್ನ ಸಲಹೆ. ನಾಲ್ಕು ಅರ್ಧ ದಿನ ಮಾಡಿ, ತಿಂಗಳಿಗೊಂದರಂತೆ, ತಂಗುದಾಣದಲ್ಲಿಯೇ, ಅದೇ ಚಾಪೆಯ ಮೇಲೆ. ಮೊದಲನೆಯದು ಕುಡಿತ, ಫಿಟ್ಸ್, ಆಂಬುಲೆನ್ಸ್. ಎರಡನೆಯದು ಮಾತು. ಉಳಿದ ಎರಡನ್ನು ನಡುವೆ ನಡೆದ ಘಟನೆಗಳೇ ತೀರ್ಮಾನಿಸಲಿ. ನಡೆದ ರಾತ್ರಿಯನ್ನೇ ನಾಟಕದಂತೆ ಮತ್ತೆ ಆಡಿಸಿ, ಒಬ್ಬರು ಕುಡಿದು ಬಂದವರಾಗಲಿ, ಇನ್ನೊಬ್ಬರು ಬಾಗಿಲಲ್ಲಿ ನಿಲ್ಲಲಿ, ನಂತರ ಪಾತ್ರ ಬದಲಾಗಲಿ. ಇದರ ತೊಂದರೆಯನ್ನೂ ಹೇಳಬೇಕು. ಪಾಠದ ನಡುವೆ ಕರೆ ಬರುತ್ತದೆ, ಯಾರೋ ಬಾಗಿಲು ತಟ್ಟುತ್ತಾರೆ, ಒಂದು ದಿನ ಅರ್ಧಕ್ಕೇ ನಿಲ್ಲುತ್ತದೆ. ಲೆಕ್ಕಪತ್ರದಲ್ಲಿ ಇದನ್ನು ತೋರಿಸುವುದೂ ಸಭಾಂಗಣದ ಬಿಲ್ಲಿನಷ್ಟು ಸುಲಭವಲ್ಲ.

ಹತ್ತಿರದ ನಗರದಲ್ಲಿ ಚೆನ್ನಾಗಿ ನಡೆಯುವ ತಂಗುದಾಣವಿದ್ದರೆ ಒಬ್ಬೊಬ್ಬರನ್ನೇ ಒಂದು ವಾರ ಅಲ್ಲಿ ಅನುಭವಿಗಳ ಜೊತೆ ರಾತ್ರಿ ಪಾಳಿಗೆ ಹಾಕುವುದು ಎಲ್ಲಕ್ಕಿಂತ ಫಲ ಕೊಡುತ್ತದೆ. ಆದರೆ ಆ ವಾರ ನಿಮ್ಮಲ್ಲಿ ಒಂದು ಪಾಳಿ ಖಾಲಿ ಬೀಳುತ್ತದೆ, ಬದಲಿ ಜನ ಸಿಕ್ಕ ಮೇಲೆಯೇ ಕಳುಹಿಸಿ. ಅಲ್ಲಿನ ಕೆಟ್ಟ ಅಭ್ಯಾಸಗಳನ್ನೂ ಕಲಿತು ಬರಬಹುದು, ಆದ್ದರಿಂದ ಮೊದಲು ನೀವು ಒಂದು ರಾತ್ರಿ ಹೋಗಿ ನೋಡಿ ಬನ್ನಿ.

ಹಿಂದೆ ಬೀದಿಯಲ್ಲಿದ್ದು ಈಗ ನೆಲೆ ಕಂಡವರನ್ನೇ ಕೇರ್‌ಟೇಕರ್ ಆಗಿ ತೆಗೆದುಕೊಳ್ಳುವ ಬಗ್ಗೆಯೂ ಯೋಚಿಸಿ. ಯಾರ ಮಾತಿಗೂ ಬಗ್ಗದವರು ಅವರ ಮಾತಿಗೆ ಒಳಗೆ ಬರುವುದನ್ನು ನಾನು ನೋಡಿದ್ದೇನೆ. ಯಾವ ಮೂಲೆಯಲ್ಲಿ ಯಾರು ಮಲಗುತ್ತಾರೆ, ಯಾರ ಕೆಮ್ಮು ಹೊಸದು, ಯಾರಿಗೆ ಯಾರ ಭಯ ಎಂಬುದು ಅವರಿಗೆ ಗೊತ್ತಿರುತ್ತದೆ. ಅಪಾಯಗಳೂ ಇವೆ. ಹಳೆಯ ಗೆಳೆಯರು ಸಾಲ ಕೇಳುತ್ತಾರೆ, ಕುಡಿತ ಬಿಟ್ಟವರಾದರೆ ಆ ವಾಸನೆಯ ನಡುವೆಯೇ ರಾತ್ರಿ ಕಳೆಯಬೇಕಾಗುತ್ತದೆ, ತಾವು ಮರೆಯಬೇಕೆಂದಿದ್ದನ್ನು ದಿನವೂ ಕಾಣಬೇಕಾಗುತ್ತದೆ. ಅವರಿಗೆ ಅರ್ಧ ಸಂಬಳ ಕೊಟ್ಟು ‘ಅನುಭವ’ವನ್ನು ಬಳಸಿಕೊಳ್ಳುವುದು ಅನ್ಯಾಯ. ಸಮಾನ ವೇತನ, ವಾರದ ರಜೆ, ಮಾತನಾಡಲು ಒಬ್ಬ ಹಿರಿಯರು, ಇಷ್ಟನ್ನು ಕೊಡಲಾಗದಿದ್ದರೆ ಈ ದಾರಿಗೆ ಇಳಿಯಬೇಡಿ.

ಸಂಬಳದ ಮಾತು ಬಂದಿತು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ 2013ರಲ್ಲಿ ಬಂದ ವಸತಿರಹಿತರ ಆಶ್ರಯ ಯೋಜನೆಯ ಮಾರ್ಗಸೂಚಿ, ಒಂದು ಲಕ್ಷ ನಗರವಾಸಿಗಳಿಗೆ ಒಂದರಂತೆ ಇಪ್ಪತ್ನಾಲ್ಕು ಗಂಟೆಯ ತಂಗುದಾಣ ಇರಬೇಕು ಎಂದಿತ್ತು, ಪ್ರತಿ ತಂಗುದಾಣಕ್ಕೆ ಒಬ್ಬ ವ್ಯವಸ್ಥಾಪಕರು ಮತ್ತು ಎಂಟು ಗಂಟೆಯ ಪಾಳಿಗೆ ಮೂವರು ಕೇರ್‌ಟೇಕರ್‌ಗಳು ಎಂದು ಲೆಕ್ಕ ಹಾಕಿತ್ತು. ಕಾಗದದಲ್ಲಿ ಅದು ಸರಿ. ಮೂವರಲ್ಲಿ ಒಬ್ಬರು ರಜೆ ಹಾಕಿದ ದಿನ ಉಳಿದಿಬ್ಬರು ಹನ್ನೆರಡು ಗಂಟೆ ನಿಲ್ಲುತ್ತಾರೆ, ಐವತ್ತು ಜನರ ನಡುವೆ, ರಾತ್ರಿ ಒಬ್ಬರೇ. ಹಾಗೆ ನಿಂತ ಹತ್ತನೆಯ ಗಂಟೆಯಲ್ಲಿ ನಾನು ಕಲಿಸಿದ ಬಹುವಚನ ಯಾರ ಬಾಯಲ್ಲೂ ಉಳಿಯುವುದಿಲ್ಲ. ಹಣ ಬಿಡುಗಡೆ ತಡವಾಗಿ ಎರಡು ಮೂರು ತಿಂಗಳು ಸಂಬಳವಿಲ್ಲದೆ ದುಡಿದವರು ನನ್ನ ತರಬೇತಿಗಳಲ್ಲಿ ಕುಳಿತಿದ್ದಾರೆ. ತಾಳ್ಮೆಯ ಬಗ್ಗೆ ಅವರಿಗೆ ಪಾಠ ಹೇಳಲು ನನಗೆ ನಾಚಿಕೆಯಾಗಿದೆ. ನಿಮ್ಮಲ್ಲಿ ಇಬ್ಬರು ಬಿಟ್ಟು ಹೋದರಲ್ಲ, ಅವರು ಏಕೆ ಹೋದರು ಎಂದು ಮನೆಗೇ ಹೋಗಿ ಕೇಳಿ. ಆ ಉತ್ತರವನ್ನು ಬರೆದು ಮೇಲಿನವರಿಗೆ ಕಳುಹಿಸಿ, ನಾಲ್ಕನೆಯ ಬದಲಿ ಕೇರ್‌ಟೇಕರ್ ಬೇಕೆಂಬ ಬೇಡಿಕೆಯನ್ನು ತರಬೇತಿಯ ಪ್ರಸ್ತಾವದ ಒಳಗೇ ಸೇರಿಸಿ.

ಪಾಳಿ ಬದಲಾಗುವಾಗ ಬರೆಯುವ ಪುಸ್ತಕದ ಬಗ್ಗೆಯೂ ಒಂದು ಗಂಟೆ ಕೂತು ಕಲಿಸಿ. ‘ನಾಲ್ಕನೇ ಹಾಸಿಗೆಯವರು ಗಲಾಟೆ ಮಾಡಿದರು’ ಎಂದು ಬರೆದರೆ ಮುಂದಿನ ಪಾಳಿಯವರು ಕೋಲು ಹಿಡಿದು ಕೂರುತ್ತಾರೆ. ‘ರಾತ್ರಿ 11ಕ್ಕೆ ನಾಲ್ಕನೇ ಹಾಸಿಗೆಯವರು ಎದ್ದು ಕಿರುಚಿದರು, ದೀಪ ಹಾಕಿದ ಮೇಲೆ ಸುಮ್ಮನಾದರು, ಕತ್ತಲೆಗೆ ಭಯ ಎಂದರು’ ಎಂದು ಬರೆದರೆ ಅವರು ದೀಪ ಹಾಕಿಡುತ್ತಾರೆ.

ಹೊರಗೆ ಹಾಕುವುದನ್ನು ಪೂರ್ತಿ ನಿಷೇಧಿಸಿ ಎಂದು ನಾನು ಹೇಳಲಾರೆ. ಚಾಕು ತೆಗೆದವರನ್ನು, ಹೆಂಗಸರ ಹಾಸಿಗೆಗೆ ಹೋದವರನ್ನು ಆ ರಾತ್ರಿ ಒಳಗೆ ಇಟ್ಟುಕೊಳ್ಳಲಾಗದು, 112ಕ್ಕೆ ಕರೆ ಮಾಡಲೇಬೇಕು, ಉಳಿದ ನಲವತ್ತೊಂಬತ್ತು ಜನರ ನಿದ್ದೆಯೂ ಮುಖ್ಯ. ಆದರೆ ವಾಸನೆ, ಜೋರು ಮಾತು, ಕುಡಿತ, ನಿಯಮ ಮರೆತದ್ದು, ಇವುಗಳಿಗೆ ಹೊರದೂಡುವಿಕೆ ಬೇಡ. ಕೇರ್‌ಟೇಕರ್ ಒಬ್ಬರೇ ನಿರ್ಧರಿಸುವುದೂ ಬೇಡ, ಯಾವ ಹೊತ್ತಾದರೂ ನಿಮಗೆ ಫೋನ್ ಮಾಡಿ ಕೇಳಲಿ. ನಿಮ್ಮ ನಿದ್ದೆ ಕೆಡುತ್ತದೆ, ಒಪ್ಪಿಕೊಳ್ಳಿ.

ಊರಿಗೆ ಸೇರಿಸುವ ಉತ್ಸಾಹದಲ್ಲಿ ಅವರ ಒಪ್ಪಿಗೆ ಇಲ್ಲದೆ ಮನೆಯವರಿಗೆ ಕರೆ ಮಾಡಬಾರದು ಎಂಬುದನ್ನು ಸಿಬ್ಬಂದಿಗೆ ತಿಳಿಸಿ. ಕ್ಷೌರ ಮಾಡಿಸುವ, ಸ್ನಾನ ಮಾಡಿಸುವ ವಿಡಿಯೊ ತೆಗೆದು ಜಾಲತಾಣದಲ್ಲಿ ಹಾಕುವವರನ್ನು ಒಳಗೆ ಬಿಡಬೇಡಿ, ದಾನಿಗಳಾದರೂ ಸರಿ. ಗಡ್ಡ ಬೋಳಿಸಿಕೊಂಡು ಅಳುತ್ತಿರುವ ತಮ್ಮ ಮುಖವನ್ನು ಲಕ್ಷ ಜನ ನೋಡಲಿ ಎಂದು ಅವರು ಕೇಳಿರಲಿಲ್ಲ.

ನಿಮ್ಮವರಿಂದ ಆಗುವ ಕೆಲಸವೇ ಎಂಬ ಪ್ರಶ್ನೆ ಉಳಿಯಿತು. ಒಬ್ಬರು ಬಿದ್ದರೆಂದು ತಿಂಗಳಾದರೂ ಊಟ ಸೇರದ ಮನುಷ್ಯರು ನಿಮ್ಮಲ್ಲಿದ್ದಾರೆ. ನಾನಾಗಿದ್ದರೆ ಅವರನ್ನೇ ರಾತ್ರಿ ಪಾಳಿಯ ಮುಖ್ಯಸ್ಥರನ್ನಾಗಿ ಮಾಡುತ್ತಿದ್ದೆ. ಆದರೆ ಮೊದಲು ಅವರೊಂದಿಗೆ ಒಂದು ಮಧ್ಯಾಹ್ನ ಕುಳಿತು, ಮೇಲೆ ಬರೆದ ನಡುಕದ ವಿಷಯವನ್ನು ನಿಧಾನವಾಗಿ ಓದಿ ಹೇಳಿ, ನಿಯಮ ಮಾಡಿದ್ದು ನೀವು ಎಂದು ಒಪ್ಪಿಕೊಳ್ಳಿ. ನಂತರ ಇಬ್ಬರೂ ಆಸ್ಪತ್ರೆಗೆ ಹೋಗಿ ಅವರನ್ನು ನೋಡಿ ಬನ್ನಿ. ಅಲ್ಲಿ ಬುದ್ಧಿ ಹೇಳುವುದು ಬೇಡ, ಬಿಡುಗಡೆಯಾದ ದಿನ ಯಾವ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತೀರಿ ಎಂದಷ್ಟೇ ತಿಳಿಸಿ. ಚೀಟಿಯಲ್ಲಿ ಬರೆದುಕೊಟ್ಟ ಮಾತ್ರೆಗಳನ್ನು ಯಾರು, ಎಲ್ಲಿ ಇಟ್ಟುಕೊಳ್ಳುವುದೆಂದು ದಾದಿಯರನ್ನು ಕೇಳಿಕೊಳ್ಳಿ. ಅಂದು ಸಂಜೆಯವರೆಗೆ ಬಾಗಿಲಿಗೆ ಹತ್ತಿರದ ಹಾಸಿಗೆಯನ್ನು ಬೇರೆ ಯಾರಿಗೂ ಕೊಡಬೇಡಿ.